ಪಿಎಚ್‌ಡಿ ಮುಗೀತು, ಸಾಲ ಬಾಕಿ ಇದೆ

ಅಂತೂ ಇಂತೂ ವೈವಾ ಆಯ್ತು. ಫೋನು ಮೆಸೇಜಿಗೆಲ್ಲ ಒಬ್ಬೊಬ್ರಿಗೇ ಉತ್ತರ ಕೊಡೋಕೆ ಆಗ್ತಿಲ್ಲ, ಅದಕ್ಕೇ ಎಲ್ರಿಗೂ ಸೇರಿಸಿ ಇಲ್ಲೇ ಬರೀತಿದೀನಿ.

"ಫ್ರಾನ್ಸಿನ ರಾಜನ್ನ ಕಟ್ಕೊಂಡು ನಿಂಗೇನಾಗ್ಬೇಕು" ಅಂತ ಪ್ರತಿ ಮದ್ವೆ ಮನೇಲೂ ಕೇಳಿದ ನೆಂಟರಿಗೂ ಥ್ಯಾಂಕ್ಸ್, ನಿಮ್ಗೆ ಹೇಳಿ ಹೇಳೀನೇ ವೈವಾದಲ್ಲಿ ನಾಲಿಗೆ ತೊದಲ್ಲಿಲ್ಲ. ನನ್ನ ಥೀಸಿಸ್‌ನ ಆ ರಾಜ ಒಂಬತ್ತನೇ ಲೂಯಿ. 1226ರಲ್ಲಿ ರೀಮ್ಸ್‌ನಲ್ಲಿ ಪಟ್ಟಾಭಿಷೇಕ ಆದಾಗ ಇನ್ನೂ 12 ವರ್ಷದ ಹುಡ್ಗ, ಅಲ್ಲಿನ ಆರ್ಚ್‌ಬಿಷಪ್ ಪೀಠ ಖಾಲಿ ಇದ್ದಿದ್ರಿಂದ ಸ್ವಾಸೋಂ ಊರಿನ ಬಿಷಪ್ ಬಂದು ಪವಿತ್ರ ತೈಲ ಹಚ್ಚಿದ್ರು. ಆ ತೈಲ ಸ್ವರ್ಗದಿಂದ ಪಾರಿವಾಳ ತಂದಿದ್ದು ಅಂತ ನಂಬಿಕೆ. ನಾನು ಈ ತೈಲ, ಕಿರೀಟ, ರಾಜದಂಡದಲ್ಲೇ ಮೈಮರೆತಿದ್ದಾಗ ಗೈಡ್ ಮೇಡಂ "ಇಷ್ಟೆಲ್ಲ ವೈಭವಕ್ಕೆ, ಯುದ್ಧಕ್ಕೆ ದುಡ್ಡು ಯಾರ ಜೇಬಿಂದ ಹೋಯ್ತು?" ಅಂತ ಕೇಳಿ 1247ರ ದೂರುಗಳ ಕಡೆ ತಿರುಗಿಸಿದ್ರು. ಕ್ರುಸೇಡಿಗೆ, ಅಂದ್ರೆ ಕ್ರೈಸ್ತರ ಧರ್ಮಯುದ್ಧಕ್ಕೆ, ಹೊರಡೋ ಮುಂಚೆ ಲೂಯಿ ವಿಚಾರಣೆಗೆ ಜನ ಕಳಿಸ್ದ, ಅವ್ರಲ್ಲಿ ಫ್ರಾನ್ಸಿಸ್ಕನ್, ಡೊಮಿನಿಕನ್ ಸನ್ಯಾಸಿಗಳೇ ಜಾಸ್ತಿ, ನಮ್ಮ ಅಧಿಕಾರಿಗಳು ನಿಮ್ಮಿಂದ ಅನ್ಯಾಯವಾಗಿ ಏನು ಕಿತ್ಕೊಂಡಿದಾರೆ ಹೇಳಿ ಅಂತ ಊರೂರಲ್ಲಿ ಕೇಳೋಕೆ. ಹಂಗೆ ಬಂದು ಗೋಳು ಹೇಳ್ಕೊಂಡ ರೈತರು, ವಿಧವೆಯರು ಎಲ್ರಿಗೂ ನಾನು ಋಣಿ, ನನ್ನ ಥೀಸಿಸ್‌ನ ಒಳ್ಳೇ ಚಾಪ್ಟರ್ ಅವ್ರದ್ದೇ.

ಲ್ಯಾಟಿನ್ ಕಲಿಸಿದ ಸರ್‌ಗೆ ದೊಡ್ಡ ನಮಸ್ಕಾರ. ಆ ಕಾಲದ ಬರವಣಿಗೆಲಿ ಅರ್ಧ ಪದ ಬರೆದು ಮೇಲೊಂದು ಗೀಟು ಎಳೀತಾರೆ, ಉಳಿದಿದ್ದು ನಾವೇ ಊಹಿಸ್ಕೋಬೇಕು, ಸರ್ ಇಲ್ದಿದ್ರೆ ನಾನು ಇನ್ನೂ ಮೊದಲ್ನೇ ಪುಟದಲ್ಲೇ ಇರ್ತಿದ್ದೆ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದೋರಿಗೂ ಥ್ಯಾಂಕ್ಸ್, ಸುಮಾರು 1250ರ ಪಟ್ಟಾಭಿಷೇಕದ ಹಸ್ತಪ್ರತಿ, ಚಿತ್ರಗಳ ಸಮೇತ, ಅವ್ರು ಕಾಪಾಡಿದ್ದಕ್ಕೇ ನಂಗೆ ಕೆಲ್ಸ ಸಿಕ್ಕಿದ್ದು.

ಇನ್ನು ದುಡ್ಡಿನ ವಿಷ್ಯ. 1250ರಲ್ಲಿ ಈಜಿಪ್ಟಲ್ಲಿ ಲೂಯಿ ಸೆರೆ ಸಿಕ್ಕಾಗ ಬಿಡುಗಡೆಗೆ 4 ಲಕ್ಷ ಲಿವ್ರ್ (ಆಗಿನ ಫ್ರಾನ್ಸಿನ ಹಣ) ಅಂತ ಮಾತಾಯ್ತು. ಮೊದಲ ಕಂತು 2 ಲಕ್ಷ ಎಣಿಸೋವಾಗ 30 ಸಾವಿರ ಕಮ್ಮಿ ಬಿತ್ತು. ಟೆಂಪ್ಲರ್‌ಗಳು ಅಂತ ಯುದ್ಧ ಮಾಡೋ ಕ್ರೈಸ್ತ ಸನ್ಯಾಸಿಗಳಿದ್ರು, ಅವ್ರ ಹಡಗಲ್ಲಿ ಪೆಟ್ಟಿಗೆ ತುಂಬ ದುಡ್ಡಿತ್ತು, ಆದ್ರೆ ಅದು ಬೇರೆಯವ್ರು ಇಟ್ಟಿದ್ದು, ಕೊಡಲ್ಲ ಅಂದ್ರು. ರಾಜನ ಜೊತೆಗಾರ ಜ್ವಾನ್ವಿಲ್ ಕೊಡಲಿ ಎತ್ಕೊಂಡು ಇದೇ ರಾಜರ ಬೀಗದ ಕೈ ಅಂದ ಮೇಲೇ ಕೀ ಈಚೆ ಬಂದಿದ್ದು! ನನ್ನ ಫೆಲೋಶಿಪ್ ಮಧ್ಯದಲ್ಲೇ ಮುಗಿದಾಗ ಯಾರೂ ಕೊಡಲಿ ಎತ್ತೋ ಹಂಗಾಗ್ಲಿಲ್ಲ. ಅಕ್ಕ ಭಾವ ಕೇಳೋ ಮುಂಚೆನೇ ಕಳಿಸಿದ್ರು, ಅಮ್ಮ ಚೀಟಿ ಎತ್ತಿ ಕಳಿಸಿದ್ರು, ರೂಮ್‌ಮೇಟ್ ಬಾಡಿಗೆ ವಿಷ್ಯ ಬಾಯೇ ಬಿಡ್ಲಿಲ್ಲ.

ಅಂದಹಾಗೆ ಲೂಯಿ ಎರಡನೇ ಕಂತು ಕೊಡ್ಲೇ ಇಲ್ಲ, 1252ರಲ್ಲಿ ಈಜಿಪ್ಟಿನೋರು ಮನ್ನಾ ಮಾಡ್ಬಿಟ್ರು. ಭಾವ, ಓದ್ತಾ ಇದೀರಾ?