ತೀರ್ಪು ಸಾರುವ ಮೊದಲು ಜನರ ಪರವಾಗಿ ನಿಲ್ಲಿ

ಮಾನ್ಯ ಸಂಪಾದಕರೇ,

ಮಳೆ ಕೈಕೊಟ್ಟರೂ ಸರಿ, ಬೆಣ್ಣಿಹಳ್ಳ ಉಕ್ಕಿ ಹೊಲ ಕೊಚ್ಚಿಕೊಂಡು ಹೋದರೂ ಸರಿ, ನಮ್ಮ ಭಾಗದ ಕೆಲವು ಪ್ರಾರ್ಥನಾ ಕೂಟಗಳಲ್ಲಿ ಕೇಳಿಬರುವ ಮಾತು ಒಂದೇ: ‘ಇದು ದೇವರ ನ್ಯಾಯತೀರ್ಪು.’ ಯಾರ ಮೇಲೆ ಎಂದರೆ, ಬೆರಳು ಸಾಮಾನ್ಯವಾಗಿ ಕೂಟದ ಹೊರಗಿನವರ ಕಡೆಗೇ. ದೇವರು ನ್ಯಾಯ ತೀರಿಸುತ್ತಾನೆಂಬುದು ನಮ್ಮ ನಂಬಿಕೆಯ ಬುಡದ ಮಾತು. ಅದನ್ನು ಮೆತ್ತಗೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಆದರೆ ತೀರ್ಪಿನ ಮಾತು ಕಿವಿಗೆ ಬಿದ್ದ ಮೇಲೆ ವಿಶ್ವಾಸಿ ಮಾಡಬೇಕಾದ ಮೊದಲ ಕೆಲಸವೊಂದಿದೆ: ಮಧ್ಯಸ್ಥ ಪ್ರಾರ್ಥನೆ, ಅಂದರೆ ಬೇರೆಯವರ ಪರವಾಗಿ ದೇವರನ್ನು ಬೇಡುವುದು. ಅದನ್ನೇ ಬಿಟ್ಟುಬಿಟ್ಟಿದ್ದೇವೆ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು ಜನ ಸತ್ತದ್ದನ್ನು ನಮ್ಮ ಭಾಗ ಮರೆತಿಲ್ಲ. ಯೇಸುವಿನ ಕಾಲದಲ್ಲೂ ಸಿಲೋವದ ಬುರುಜು ಬಿದ್ದು 18 ಮಂದಿ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೋ ಎಂದು ಯೇಸು ತಾನೇ ಕೇಳಿ, ಅಲ್ಲ ಎಂದನು. ನೀವು ಪಶ್ಚಾತ್ತಾಪಪಡಿ ಎಂದು ಕೇಳುಗರ ಕಡೆಗೇ ತಿರುಗಿದನು (ಲೂಕ 13). ಸತ್ತವರ ಪಾಪದ ಲೆಕ್ಕ ತೆಗೆಯುವ ಅಧಿಕಾರ ಆತ ಯಾರಿಗೂ ಕೊಡಲಿಲ್ಲ. ಗೋಡೆ ಏಕೆ ಬಿತ್ತು, ಹೊಣೆ ಯಾರದು ಎಂಬುದನ್ನು ಎಂಜಿನಿಯರರೂ ನ್ಯಾಯಾಲಯವೂ ನೋಡಲಿ.

ದುಷ್ಟತನಕ್ಕೆ ಹೆಸರಾದ ಸೊದೋಮ ಊರಿಗೆ ತೀರ್ಪು ಬರಲಿದೆ ಎಂದು ತಿಳಿದಾಗ ಅಬ್ರಹಾಮ ಮಾಡಿದ್ದೇನು? ಐವತ್ತು ಮಂದಿ ನೀತಿವಂತರಿದ್ದರೆ ಊರನ್ನು ಉಳಿಸುವೆಯಾ ಎಂದು ಶುರುಮಾಡಿ 45, 40, 30, 20, ಕೊನೆಗೆ 10ರವರೆಗೆ ಇಳಿದ. ಒಟ್ಟು ಆರು ಸಲ ಬೇಡಿದ. ತಮ್ಮನ ಮಗ ಲೋಟ ಆ ಊರಲ್ಲೇ ಇದ್ದರೂ ಅವನ ಹೆಸರೆತ್ತಲಿಲ್ಲ. ಕೇಳಿದ್ದು ಇಡೀ ಊರಿಗಾಗಿ.

ಇದಕ್ಕಿಂತ ಬಿಗಿಯಾದದ್ದು ವಿಮೋಚನಕಾಂಡದ 32ನೆಯ ಅಧ್ಯಾಯ. ಜನ ಚಿನ್ನದ ಬಸವನನ್ನು ಮಾಡಿಕೊಂಡಿದ್ದಾರೆ. ಇವರನ್ನು ದಹಿಸಿ ನಿನ್ನಿಂದಲೇ ದೊಡ್ಡ ಜನಾಂಗ ಹುಟ್ಟಿಸುತ್ತೇನೆ ಎಂದು ದೇವರು ಮೋಶೆಗೆ ಹೇಳುತ್ತಾನೆ. ಮೋಶೆ ಆ ದೊಡ್ಡಸ್ತಿಕೆ ಮುಟ್ಟಲಿಲ್ಲ. ಮೂರು ಮಾತು ಮುಂದಿಟ್ಟ: ಇವರು ನೀನೇ ಬಿಡಿಸಿ ತಂದ ನಿನ್ನ ಜನ, ಐಗುಪ್ತದವರು ನಿನ್ನ ಹೆಸರಿನ ಬಗ್ಗೆ ಏನಂದಾರು, ಅಬ್ರಹಾಮ, ಇಸಾಕ, ಇಸ್ರಾಯೇಲ ಎಂಬ ಪೂರ್ವಜರಿಗೆ ಕೊಟ್ಟ ಮಾತು ನೆನಪಿಸಿಕೋ. ಜನರಲ್ಲಿ ಒಳ್ಳೆಯದಿದೆ ಎಂದು ಒಂದು ಮಾತೂ ಇಲ್ಲ, ಎಲ್ಲವೂ ದೇವರ ಗುಣದ ಮೇಲೇ ನಿಂತಿದೆ. ಅದೇ ಮೋಶೆ ಬೆಟ್ಟ ಇಳಿದು ಬಂದು ಬಸವನನ್ನು ಪುಡಿಮಾಡಿದ, ಸ್ವಂತ ಅಣ್ಣ ಆರೋನನನ್ನೇ ಎದುರಿಗೆ ನಿಲ್ಲಿಸಿ ಕೇಳಿದ. ಮತ್ತೆ ಹತ್ತಿಹೋಗಿ, ಇವರನ್ನು ಕ್ಷಮಿಸದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರೂ ಅಳಿಸಿಬಿಡು ಎಂದ. ಪಾಪವನ್ನು ಪಾಪ ಎನ್ನುವುದು, ಪಾಪಿಗಾಗಿ ಅಂಗಲಾಚುವುದು, ಎರಡನ್ನೂ ಒಬ್ಬನೇ ಮಾಡಿದ್ದಾನೆ.

ಪ್ರವಾದಿ ಆಮೋಸನೂ ಹಾಗೆಯೇ. ಬರಲಿರುವ ತೀರ್ಪನ್ನು ದೇವರು ಅವನಿಗೆ ದರ್ಶನಗಳಲ್ಲಿ ತೋರಿಸಿದ. ಮಿಡತೆಯ ದರ್ಶನಕ್ಕೆ ಬೇಡಿಕೊಂಡ, ಬೆಂಕಿಯ ದರ್ಶನಕ್ಕೆ ಬೇಡಿಕೊಂಡ; ಗೋಡೆ ನೆಟ್ಟಗಿದೆಯೇ ಎಂದು ನೋಡಲು ನೂಲುಗುಂಡು ಬಿಟ್ಟ ಮೂರನೆಯ ದರ್ಶನದಲ್ಲಿ ಅವನ ಬೇಡಿಕೆಯೇ ಇಲ್ಲ. ಎರಡು ಸಲ ಜನರಿಗಾಗಿ ಅತ್ತುಕೊಂಡ ಬಾಯಿಯೇ ಆಮೇಲೆ ತೀರ್ಪು ಸಾರಿತು. ಒಮ್ಮೆಯೂ ಬೇಡದವರು ನೇರವಾಗಿ ಮೂರನೆಯದಕ್ಕೆ ಹಾರುವುದು ನಮ್ಮ ಕಾಲದ ರೋಗ.

ಮಧ್ಯಸ್ಥ ಪ್ರಾರ್ಥನೆಯಿಂದ ಪರಿಣಾಮವೆಲ್ಲ ಅಳಿಸಿಹೋಗುತ್ತದೆ ಎನ್ನುವುದೂ ತಪ್ಪು. ಅರಣ್ಯಕಾಂಡ 14ರಲ್ಲಿ ತಿರುಗಿಬಿದ್ದ ಜನರಿಗಾಗಿ ಮೋಶೆ ಬೇಡಿ, ದೇವರು ಕ್ಷಮಿಸಿದ್ದೇನೆ ಎಂದ ಮೇಲೂ ಆ ಪೀಳಿಗೆ 40 ವರ್ಷ ಅಡವಿಯಲ್ಲೇ ಕಳೆಯಿತು. ಸಂತರ ಮಧ್ಯಸ್ಥಿಕೆಯ ವಿಷಯದಲ್ಲಿ ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ಇರುವ ಭೇದ ಇಲ್ಲಿ ಬೇಡ. ಕ್ರಿಸ್ತನು ಸದಾ ನಮಗಾಗಿ ಬೇಡುತ್ತಾನೆ (ಇಬ್ರಿಯ 7:25) ಎಂಬಲ್ಲಿ ಇಬ್ಬರೂ ಒಂದೇ.

ಪ್ರೌಢ ವಿಶ್ವಾಸಿ ಯಾರು? ಹಾಲು ಬಿಟ್ಟು ಗಟ್ಟಿ ಆಹಾರ ತಿನ್ನುವವರು ಸಾಧನೆಯಿಂದ ಒಳ್ಳೆಯದು ಕೆಟ್ಟದ್ದನ್ನು ಬೇರ್ಪಡಿಸಬಲ್ಲವರು ಎನ್ನುತ್ತದೆ ಇಬ್ರಿಯ 5:14. ನೀತಿವಂತನಾಗಿದ್ದೂ ಕಷ್ಟಕ್ಕೆ ಸಿಕ್ಕ ಯೋಬನ ಗೆಳೆಯರು, ಇದು ಅವನ ಪಾಪದ ಫಲ ಎಂದು ತೀರ್ಪಿನ ಬಗ್ಗೆ ಪುಟಗಟ್ಟಲೆ ವಿವರಿಸಿದರು. ದೇವರ ಸಿಟ್ಟು ತಿರುಗಿದ್ದು ಅವರ ಮೇಲೆ. ಹುಣ್ಣೆದ್ದು ಬೂದಿಯಲ್ಲಿ ಕೂತಿದ್ದ ಯೋಬನೇ ಅವರಿಗಾಗಿ ಪ್ರಾರ್ಥಿಸಬೇಕಾಯಿತು. ತಮ್ಮನ್ನು ಸೇರಿಸಿಕೊಳ್ಳದ ಸಮಾರ್ಯದ ಹಳ್ಳಿಯ ಮೇಲೆ ಬೆಂಕಿ ಸುರಿಸೋಣವೇ ಎಂದ ಶಿಷ್ಯರಾದ ಯಾಕೋಬ ಯೋಹಾನರನ್ನು ಯೇಸು ಗದರಿಸಿದ್ದು ಇದೇ ಕಾರಣಕ್ಕೆ.

ಇನ್ನು ಸಭೆಗಳಲ್ಲಿ ಆಗಬೇಕಾದದ್ದು. ಒಂದೂವರೆ ತಾಸಿನ ಆರಾಧನೆಯಲ್ಲಿ ಮಧ್ಯಸ್ಥ ಪ್ರಾರ್ಥನೆಗೆ ಕೊನೆಗೆ ಎರಡು ನಿಮಿಷ ಉಳಿದರೆ ಹೆಚ್ಚು. ಹದಿನೈದು ನಿಮಿಷ ಎತ್ತಿಡಿ. ವಿಷಯಗಳು ನಾಲ್ಕೈದು ಸಾಕು. ಇಪ್ಪತ್ತಾದರೆ ಹಾಜರಿ ಕೂಗಿದಂತಾಗುತ್ತದೆ. ಮೊದಲು ಪಾಪದ ಅರಿಕೆ, ಅದೂ ದಾನಿಯೇಲ 9ರ ಹಾಗೆ ‘ನಾವು ಪಾಪಮಾಡಿದ್ದೇವೆ’ ಎಂದೇ. ಆಮೇಲೆ ದೇವರ ವಾಗ್ದಾನ, ಆಮೇಲೆ ಖಚಿತವಾದ ಬೇಡಿಕೆ: ಇಂಥ ಓಣಿಗೆ ನೀರು, ಇಂಥ ಮನೆಗೆ ಸಮಾಧಾನ. ಪ್ರಾರ್ಥನೆಯೊಳಗೆ ಪ್ರಸಂಗ ಬೇಡ. ಬೇರೆಯವರ ಮನೆಯ ಜಗಳವನ್ನು ಪ್ರಾರ್ಥನೆಯ ನೆಪದಲ್ಲಿ ಹತ್ತು ಮಂದಿಗೆ ಕೇಳಿಸುವುದು ಚಾಡಿಯೇ. ರೋಗಿಯ ಹೆಸರನ್ನೂ ಒಪ್ಪಿಗೆಯಿಲ್ಲದೆ ಓದಬಾರದು. ಅಧಿಕಾರದಲ್ಲಿರುವವರಿಗಾಗಿ, ಅವರು ಯಾವ ಪಕ್ಷದವರಾದರೂ, ಪ್ರಾರ್ಥಿಸಬೇಕೆಂಬುದು 1 ತಿಮೊಥೆಯ 2ರ ಅಪ್ಪಣೆ.

ರೋಗಿಗಾಗಿ ಸಭೆಯ ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ (ಯಾಕೋಬ 5:14). ಮಾತ್ರೆ ಬಿಡಿ ಎಂದು ಮಾತ್ರ ಯಾರೂ ಹೇಳಕೂಡದು. ಟಿಬಿ ಮಾತ್ರೆ ನಡುವೆ ಬಿಟ್ಟರೆ ರೋಗ ಔಷಧಿಗೆ ಬಗ್ಗದಂತಾಗುತ್ತದೆ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ಪ್ರಾರ್ಥನೆಯನ್ನೂ ಬಿಡಲಿಲ್ಲ, ಜನ ಇಂದಿಗೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುವ ಆಸ್ಪತ್ರೆಯನ್ನೂ ಕಟ್ಟಿದರು.

ಸಭಾಪಾಲಕರಲ್ಲಿ ಒಂದೇ ವಿನಂತಿ. ತೀರ್ಪಿನ ಕುರಿತು ಪ್ರಸಂಗವಿರುವ ಭಾನುವಾರ ಈ ಹದಿನೈದು ನಿಮಿಷ ಪ್ರಸಂಗದ ಬೆನ್ನಿಗೇ ಇರಲಿ; ಯಾರ ಬಗ್ಗೆ ತೀರ್ಪಿನ ಮಾತು ಬಂತೋ ಮೊದಲ ಪ್ರಾರ್ಥನೆ ಅವರಿಗಾಗಿಯೇ ಆಗಲಿ.

– ಸಭೆಯ ಹಿರಿಯರೊಬ್ಬರು, ಗದಗ-ಬೆಟಗೇರಿ