ಪಿಎಚ್‌ಡಿ ಕೋರ್ಸ್‌ವರ್ಕಲ್ಲಿ ಟಿಪ್ಪಣಿ ಇಡೋದನ್ನೂ ಹೇಳ್ಕೊಡಿ

ಮಾನ್ಯ ಸಂಪಾದಕರೇ,

ಕನ್ನಡದಲ್ಲಿ ಪಿಎಚ್‌ಡಿಗಳ ಗುಣಮಟ್ಟ ಬಿದ್ದೋಗಿದೆ, ಎಲ್ಲಾ ಕಟ್ ಪೇಸ್ಟು ಅಂತ ಪತ್ರಗಳು ಆಗಾಗ ಪೇಪರಲ್ಲಿ ಬರ್ತಾನೇ ಇರ್ತಾವೆ. ಬರೆಯೋರಲ್ಲಿ ಹೆಚ್ಚಿನೋರು ರಿಟೈರ್ ಆದ ಮೇಷ್ಟ್ರುಗಳು, ಅವರ ಸಿಟ್ಟಲ್ಲಿ ನ್ಯಾಯ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಒಬ್ಬ ಸ್ಕಾಲರ್ ನಾಲ್ಕೈದು ವರ್ಷ ಓದಿದ್ದನ್ನ ಎಲ್ಲಿ ಬರೆದಿಡ್ತಾನೆ, ಅಧ್ಯಾಯ ಬರೆಯೋಕೆ ಕೂತಾಗ ಅದನ್ನ ಹೆಂಗೆ ಹುಡುಕಿ ತೆಗೀತಾನೆ ಅಂತ ಯಾರೂ ಕೇಳಿದ್ದು ನಾನಂತೂ ನೋಡಿಲ್ಲ. ಅರ್ಧ ನೋಟ್‌ಬುಕ್ಕಲ್ಲಿ, ಕಾಲು ಭಾಗ ಜೆರಾಕ್ಸ್ ಹಾಳೆಯ ಅಂಚಲ್ಲಿ, ಉಳಿದದ್ದು ತನಗೆ ತಾನೇ ಕಳಿಸ್ಕೊಂಡ ವಾಟ್ಸಾಪ್ ಮೆಸೇಜಲ್ಲಿ, ಫೋನಿನ ಗ್ಯಾಲರೀಲಿ, ಆಮೇಲೆ ‘ಅಧ್ಯಾಯ 3 ಹೊಸದು ಫೈನಲ್ 2’ ಅನ್ನೋ ಥರದ ವರ್ಡ್ ಫೈಲುಗಳಲ್ಲಿ. ಡೆಡ್‌ಲೈನ್ ಹತ್ರ ಬಂದಾಗ ಇದ್ರಲ್ಲಿ ಏನೂ ಕೈಗೆ ಸಿಗಲ್ಲ, ಆಗ ಗೂಗಲ್ ಮಾಡಿ ಸಿಕ್ಕಿದ್ದನ್ನ ಎತ್ತಿ ಹಾಕ್ತಾರೆ. ಕಟ್ ಪೇಸ್ಟ್ ಅರ್ಧಕ್ಕರ್ಧ ಹುಟ್ಟೋದೇ ಇಲ್ಲಿ ಅಂತ ನನ್ನ ಅನಿಸಿಕೆ.

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮದ ಪ್ರಕಾರ ಶುರುವಿನ ಪಾಠಗಳು, ಅಂದ್ರೆ ಪಿಎಚ್‌ಡಿ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್ ಇರ್ಬೇಕು, ಅದ್ರೊಳಗೆ ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಅಂತ ಒಂದು ಪೇಪರ್ ಕಡ್ಡಾಯ. ಸರಿ, ಕದೀಬೇಡ ಅಂತ ಹೇಳ್ಕೊಡ್ತಾರೆ. ಕದಿಯೋ ಪರಿಸ್ಥಿತಿ ಬರದೇ ಇರೋ ಹಾಗೆ ಟಿಪ್ಪಣಿ ಹೆಂಗೆ ಇಟ್ಕೋಬೇಕು ಅಂತ ಹೇಳ್ಕೊಡಲ್ಲ. ಶಾಸನ ಓದೋ ಹುಡುಗರಿಗೂ ಪ್ರಶ್ನಾವಳಿ, ಸ್ಯಾಂಪ್ಲಿಂಗು, ಪ್ರಮಾಣಿತ ವಿಚಲನೆ ಅಂತ ಪಾಠ ಮಾಡೋಕೆ ಟೈಮ್ ಇರತ್ತೆ, ಇದಕ್ಕೆ ಮಾತ್ರ ಇಲ್ಲ.

ನಾನು ಮಾಡ್ತಿರೋದು ಸೊರಬ, ಶಿಕಾರಿಪುರ ಕಡೆಯ ವೀರಗಲ್ಲುಗಳ ಮೇಲೆ. ನನ್ನ ಟಿಪ್ಪಣಿ ಎಲ್ಲಾ ಇರೋದು ಪರ್ಸನಲ್ ವಿಕಿ ಅನ್ನೋ ಥರದ ಸಾಫ್ಟ್‌ವೇರಲ್ಲಿ, ಅದ್ರ ಬಗ್ಗೆ ಸ್ವಲ್ಪ ವಿವರವಾಗೇ ಹೇಳ್ತೀನಿ ಯಾಕಂದ್ರೆ ಹೆಸರು ಕೇಳಿದ್ರೆ ಏನೋ ಇಂಜಿನಿಯರುಗಳ ವಿಷಯ ಅಂದ್ಕೊಂಡು ಜನ ಪುಟ ತಿರುಗಿಸ್ತಾರೆ. ವಿಕಿಪೀಡಿಯ ಎಲ್ಲರೂ ನೋಡಿರ್ತೀರಿ, ಒಂದು ಪುಟದೊಳಗಿನ ನೀಲಿ ಪದ ಒತ್ತಿದ್ರೆ ಇನ್ನೊಂದು ಪುಟಕ್ಕೆ ಹೋಗತ್ತಲ್ಲ, ಅದೇ ವ್ಯವಸ್ಥೆ, ಆದ್ರೆ ನಿಮ್ಮ ಲ್ಯಾಪ್‌ಟಾಪಲ್ಲಿ, ನಿಮಗೊಬ್ಬರಿಗೇ, ಇಂಟರ್ನೆಟ್ ಕೂಡ ಬೇಕಾಗಿಲ್ಲ. ವಾರ್ಡ್ ಕನಿಂಗ್‌ಹ್ಯಾಮ್ ಅನ್ನೋರು 1995ರಲ್ಲಿ ಮೊದಲ ವಿಕಿ ಮಾಡಿದ್ದು ಹತ್ತಾರು ಜನ ಸೇರಿ ಬರೆಯೋಕೆ ಅಂತ, ಅದನ್ನ ಒಬ್ಬರೇ ಬಳಸೋದು ಆಮೇಲೆ ಬೆಳೀತು. ಒಂದು ಪದವನ್ನ ಎರಡೆರಡು ಚೌಕ ಬ್ರಾಕೆಟ್ ಒಳಗೆ ಟೈಪ್ ಮಾಡಿದ್ರೆ ಅದು ಲಿಂಕ್ ಆಗತ್ತೆ, ಆ ಹೆಸರಿನ ಪುಟ ಇಲ್ದಿದ್ರೆ ಒತ್ತಿದ ಕೂಡ್ಲೇ ಹೊಸ ಪುಟ ಹುಟ್ಟತ್ತೆ. ಕಲಿಯೋದು ಹೆಚ್ಚುಕಮ್ಮಿ ಇಷ್ಟೇ.

ನಾನು ಒಂದು ಕಲ್ಲಿಗೆ ಒಂದು ಪುಟ ಅಂತ ಇಟ್ಟಿದೀನಿ. ಪುಟದ ಮೇಲೆ ಊರು, ತಾಲೂಕು, ಕಾಲ, ರಾಜನ ಹೆಸರು, ಆಮೇಲೆ ಯಾವ ನಾಡು (ಆ ಕಾಲದ ಆಡಳಿತ ವಿಭಾಗ), ನಾಗರಖಂಡ ಎಪ್ಪತ್ತೋ ಜಿಡ್ಡುಳಿಗೆ ಎಪ್ಪತ್ತೋ, ಅದಾದ ಮೇಲೆ ಕಾಳಗ ಯಾಕೆ ಆಯ್ತು ಅನ್ನೋದು, ತುರುಗೋಳೋ (ದನ ಹೊಡ್ಕೊಂಡು ಹೋಗಿದ್ದು), ಊರಳಿವೋ (ಊರು ಹಾಳು ಮಾಡಿದ್ದು), ಪೆಣ್ಬುಯ್ಯಲೋ (ಹೆಣ್ಣುಮಕ್ಕಳ ಮೊರೆ). ಇವೆಲ್ಲವೂ ಲಿಂಕು. ಈಗ ತುರುಗೋಳ್ ಅನ್ನೋ ಪುಟ ತೆಗೆದ್ರೆ ಅದ್ರ ಕೆಳಗೆ ಯಾವ್ಯಾವ ಕಲ್ಲಿನ ಪುಟ ಇಲ್ಲಿಗೆ ಕೈ ತೋರಿಸ್ತಿದೆ ಅಂತ ಪಟ್ಟಿ ತಾನಾಗೇ ಬಂದಿರತ್ತೆ, ಅದನ್ನ ನಾನು ಮಾಡಿದ್ದಲ್ಲ, ಬ್ಯಾಕ್‌ಲಿಂಕ್ ಅಂತಾರೆ. ದನ ಹೊಡ್ಕೊಂಡು ಹೋದಾಗ ಸತ್ತೋರ ಕಲ್ಲುಗಳು ಯಾವ ನಾಡಿನ ಗಡೀಲಿ ಗುಂಪುಗುಂಪಾಗಿವೆ ಅಂತ ಕಣ್ಣಿಗೆ ಬಿದ್ದಿದ್ದು ಆ ಪಟ್ಟಿ ನೋಡ್ತಾ ಕೂತಾಗ. ಅಲ್ಲಿಂದ ಒಂದು ಇಡೀ ಅಧ್ಯಾಯ ಹುಟ್ಟಿದೆ, ಶುರುವಲ್ಲಿ ಕೊಟ್ಟ ಸಿನಾಪ್ಸಿಸಲ್ಲಿ (ಸಂಶೋಧನೆಯ ರೂಪುರೇಷೆ) ಆ ಅಧ್ಯಾಯ ಇರ್ಲೇ ಇಲ್ಲ.

ಇನ್ನೊಂದು ಉಪಯೋಗ ಶಾಸನದೋರಿಗೆ ಬೇಗ ಅರ್ಥ ಆಗತ್ತೆ. ಕರ್ನಾಟಕದ ಶಾಸನಗಳ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾ ನಮಗೆ ಎರಡಿವೆ, ಅದನ್ನ ಮೊದಲು ಹೊರತಂದ ಬಿ.ಎಲ್. ರೈಸ್ ಅವರ ಕಾಲದ್ದು ಒಂದು, ಮೈಸೂರು ವಿಶ್ವವಿದ್ಯಾಲಯದಿಂದ 1972ರಿಂದ ಬರೋಕೆ ಶುರುವಾದ ಪರಿಷ್ಕೃತ ಆವೃತ್ತಿ ಇನ್ನೊಂದು, ಸಂಪುಟದ ನಂಬರುಗಳು ಒಂದಕ್ಕೊಂದು ತಾಳೆ ಆಗಲ್ಲ. ರೈಸ್ ಅವರ ಏಳನೇ ಸಂಪುಟ ಅಂದ್ರೆ ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಕಡೆಯದು, ಪರಿಷ್ಕೃತ ಏಳನೇ ಸಂಪುಟ ಅಂದ್ರೆ ಮಂಡ್ಯದ ಕಡೆಯದು. ಅಡಿಟಿಪ್ಪಣೀಲಿ ಬರೀ ‘ಎ.ಕ. 7’ ಅಂತ ಬರೆದಿರೋ ಥೀಸಿಸ್ ಹಿಡ್ಕೊಂಡು ಯಾವ ಕಲ್ಲು ಅಂತ ಹುಡುಕೋದು ಎಂಥಾ ಕರ್ಮ ಅಂತ ಅನುಭವಿಸಿದೋರಿಗೇ ಗೊತ್ತು. ವಿಕೀಲಿ ಆ ಕಲ್ಲಿನ ಪುಟದಲ್ಲಿ ಉಲ್ಲೇಖವನ್ನ ಆವೃತ್ತಿ ಸಮೇತ ಒಂದೇ ಸಲ ಸರಿಯಾಗಿ ಬರೆದಿಟ್ರೆ ಮುಗೀತು, ಮುಂದೆ ಎಲ್ಲಾ ಅಧ್ಯಾಯದಿಂದಲೂ ಅದೇ ಪುಟಕ್ಕೆ ಲಿಂಕ್ ಹೊಡ್ಯೋದು. ಊರಿನ ಹೆಸರಿಗೂ ಹಾಗೇ, ಇವತ್ತಿನ ಬಳ್ಳಿಗಾವಿ ಒಂದು ಕಡೆ ಬಳ್ಳಿಗಾವೆ, ಇನ್ನೊಂದು ಕಡೆ ಬಳ್ಳಿಪುರ, ಇಂಗ್ಲಿಷ್ ಪುಸ್ತಕಗಳಲ್ಲಿ ಬೆಳಗಾಮಿ, ಇವನ್ನೆಲ್ಲಾ ಒಂದೇ ಪುಟದ ಬೇರೆ ಬೇರೆ ಹೆಸರು ಅಂತ ಸೇರಿಸಿಡೋ ಸೌಲಭ್ಯ ಕೆಲವು ಸಾಫ್ಟ್‌ವೇರುಗಳಲ್ಲಿ ಇದೆ.

ಕನ್ನಡಕ್ಕೆ ಬಂದಾಗ ಒಂದೆರಡು ತೊಡಕು ಇಲ್ದೇ ಇಲ್ಲ, ಮುಚ್ಚಿಡೋದು ಬೇಡ. ನಮ್ಮದು ವಿಭಕ್ತಿ ಪ್ರತ್ಯಯ ಅಂಟೋ ಭಾಷೆ, ಪುಟದ ಹೆಸರು ‘ಬನವಾಸಿ’ ಅಂತಿದ್ರೆ ವಾಕ್ಯದಲ್ಲಿ ಬರೋದು ‘ಬನವಾಸಿಯಲ್ಲಿ’, ‘ಬನವಾಸಿಯಿಂದ’. ಹಾಗಾಗಿ ಬ್ರಾಕೆಟ್ ಒಳಗೆ ಮೊದಲು ಪುಟದ ಹೆಸರು, ನಡುವೆ ಒಂದು ನಿಂತ ಗೆರೆ, ಆಮೇಲೆ ವಾಕ್ಯದ ರೂಪ ಅಂತ ಎರಡು ಸಲ ಬರೀಬೇಕಾಗತ್ತೆ. ಒಂದು ವಾರಕ್ಕೆ ಕೈಗೆ ರೂಢಿ ಆಗತ್ತೆ ಬಿಡಿ. (ಟಿಡ್ಲಿವಿಕಿ ಅನ್ನೋ ಸಾಫ್ಟ್‌ವೇರಲ್ಲಿ ಮಾತ್ರ ಈ ಕ್ರಮ ಉಲ್ಟಾ, ಯಾಕೆ ಹಂಗೆ ಮಾಡಿದ್ರೋ ದೇವರಿಗೇ ಗೊತ್ತು.) ಹಳಗನ್ನಡದ ಪಾಠ ಟೈಪ್ ಮಾಡೋವಾಗ ಇನ್ನೊಂದು ಪೇಚಾಟ, ಶಾಸನದಲ್ಲಿ ‘ತುಱು’ ಅಂತ ಶಕಟರೇಫ, ಅಂದ್ರೆ ಱ ಅನ್ನೋ ಹಳೇ ಅಕ್ಷರ ಇರತ್ತೆ, ಸರ್ಚಲ್ಲಿ ‘ತುರು’ ಅಂತ ಹೊಡೆದ್ರೆ ಅದು ಬರಲ್ಲ, ಯಂತ್ರಕ್ಕೆ ಅವೆರಡೂ ಬೇರೆ ಅಕ್ಷರ. ಅದಕ್ಕೇ ಮೂಲ ಪಾಠ ಇದ್ದ ಹಾಗೇ ಬಿಟ್ಟು ಕೆಳಗೆ ಹೊಸಗನ್ನಡದಲ್ಲಿ ಲಿಂಕ್ ಹಾಕೋದು ಒಳ್ಳೇದು, ಬರೀ ಸರ್ಚ್ ನಂಬ್ಕೊಂಡ್ರೆ ಅರ್ಧ ಕಲ್ಲು ಕೈ ತಪ್ಪಿ ಹೋಗತ್ತೆ.

ಯಾವ ಸಾಫ್ಟ್‌ವೇರು ಅಂತ ಕೇಳಿದ್ರೆ ನನ್ನ ಓಟು ಝಿಮ್‌ಗೆ. ಪುಕ್ಕಟೆ, ಹಳೇ ಲ್ಯಾಪ್‌ಟಾಪಲ್ಲೂ ಓಡತ್ತೆ, ಒಂದೊಂದು ಪುಟವೂ ಒಂದೊಂದು ಸಾದಾ ಟೆಕ್ಸ್ಟ್ ಫೈಲು, ನಾಳೆ ಝಿಮ್ಮೇ ಇಲ್ಲ ಅಂದ್ರೂ ನೋಟ್‌ಪ್ಯಾಡಲ್ಲಿ ತೆಗೆದು ಓದ್ಬೋದು. ಹುಡುಗರೆಲ್ಲಾ ಈಗ ಅಬ್ಸಿಡಿಯನ್ ಅಂತಾರೆ, ಚೆನ್ನಾಗಿದೆ, ಅದೂ ಸಾದಾ ಟೆಕ್ಸ್ಟಲ್ಲೇ ಇಡತ್ತೆ, ಮೊಬೈಲಲ್ಲೂ ಬರತ್ತೆ, ಆದ್ರೆ ಓಪನ್ ಸೋರ್ಸ್ ಅಲ್ಲ, ಅಂದ್ರೆ ಅದರ ಒಳಗಿನ ಕೋಡ್ ಎಲ್ಲರಿಗೂ ತೆರೆದಿಲ್ಲ. ಟಿಡ್ಲಿವಿಕಿ ಜೆರೆಮಿ ರಸ್ಟನ್ ಅನ್ನೋರು 2004ರಲ್ಲಿ ಮಾಡಿದ್ದು, ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಫೈಲು, ಪೆನ್‌ಡ್ರೈವಲ್ಲಿ ಹಾಕ್ಕೊಂಡು ಯಾವ ಸೈಬರ್ ಸೆಂಟರಲ್ಲಾದ್ರೂ ತೆಗೀಬೋದು. ಐಡಿಯಾ ಭಾರೀ ಚೆಂದ, ಸೇವ್ ಮಾಡೋದು ಮಾತ್ರ ತಲೆನೋವು, 2017ರ ನವೆಂಬರಲ್ಲಿ ಫೈರ್‌ಫಾಕ್ಸ್ 57 ಬಂದಾಗ ಸೇವ್‌ಗೆ ಅಂತ ಇದ್ದ ಹಳೇ ಆ್ಯಡ್‌ಆನ್ ಒಂದೇಟಿಗೆ ನಿಂತೋಯ್ತು, ಅದನ್ನೇ ನೆಚ್ಕೊಂಡಿದ್ದೋರು ಬೇರೆ ದಾರಿ ಹುಡುಕ್ಬೇಕಾಯ್ತು. ಥೀಸಿಸ್ ಅನ್ನೋದು ಕನಿಷ್ಠ ಮೂರು, ಗರಿಷ್ಠ ಆರು ವರ್ಷದ ಕೆಲಸ, ಅಷ್ಟು ದಿನ ಒಂದು ಕಂಪನಿಯ ಅಥವಾ ಬ್ರೌಸರಿನ ಮರ್ಜೀಲಿ ಇರೋದು ಯಾಕೆ ಅನ್ನೋದು ನನ್ನ ವಾದ.

ಇದೆಲ್ಲಾ ಹಳಬರಿಗೆ ಹೊಸದೇನಲ್ಲ. ಜಿ. ವೆಂಕಟಸುಬ್ಬಯ್ಯನವರ ಸಂಪಾದಕತ್ವದಲ್ಲಿ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಆಗಿದ್ದು ಕಾವ್ಯ, ಶಾಸನಗಳಿಂದ ಒಂದೊಂದೇ ಪ್ರಯೋಗ ಎತ್ತಿ ಚೀಟೀಲಿ ಬರೆದು ಜೋಡಿಸಿದ್ರಿಂದ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮಾನ್ ಸುಮಾರು 90,000 ಚೀಟಿ ಬರೆದು ಒಂದರಿಂದ ಇನ್ನೊಂದಕ್ಕೆ ನಂಬರ್ ಕೊಟ್ಟು ಸಂಬಂಧ ಕಟ್ಟಿದ್ರು, ಈಗ ಬೀಲೆಫೆಲ್ಡ್ ವಿಶ್ವವಿದ್ಯಾಲಯದೋರು ಅದನ್ನ ಡಿಜಿಟೈಸ್ ಮಾಡ್ತಿದಾರೆ. ನಮ್ಮ ಮೇಷ್ಟ್ರುಗಳ ಮನೇಲೂ ಕಾರ್ಡು ತುಂಬಿದ ಡಬ್ಬಗಳು ಇದ್ವು. ಆ ಪಾಠ ನಡುವೆ ಎಲ್ಲೋ ನಿಂತೋಯ್ತು, ಕಂಪ್ಯೂಟರ್ ಬಂದ ಮೇಲೆ ಟೈಪಿಂಗ್ ಕಲಿಸಿದ್ರು, ಕಾರ್ಡಿನ ಶಿಸ್ತು ಕಲಿಸಲಿಲ್ಲ.

ಕಳ್ಳತನದ ವಿಷಯಕ್ಕೆ ವಾಪಸ್ ಬರ್ತೀನಿ. 2018ರ ಯುಜಿಸಿ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ 10 ಪರ್ಸೆಂಟ್ ದಾಟಿದ್ರೆ ತಿದ್ದಿ ಮತ್ತೆ ಕೊಡ್ಬೇಕು, 40 ದಾಟಿದ್ರೆ ಒಂದು ವರ್ಷ ಸಲ್ಲಿಸೋ ಹಾಗಿಲ್ಲ, 60 ದಾಟಿದ್ರೆ ರಿಜಿಸ್ಟ್ರೇಶನ್ನೇ ರದ್ದು. ಬೇಕಂತ ಕದಿಯೋರು ಇರ್ತಾರೆ, ಅವರ ಮಾತು ಬೇರೆ. ಆದ್ರೆ ತುಂಬಾ ಜನ ಸಿಕ್ಕಿಬೀಳೋದು ಎರಡು ವರ್ಷದ ಹಿಂದೆ ನೋಟ್‌ಬುಕ್ಕಲ್ಲಿ ಇಳಿಸ್ಕೊಂಡ ಪ್ಯಾರಾ ತಮ್ದೋ ಪುಸ್ತಕದ್ದೋ ಅಂತ ನೆನಪಿಲ್ದೇನೇ. ವಿಕೀಲಿ ನಾನು ಪಾಲಿಸೋದು ಒಂದೇ ನಿಯಮ, ಬೇರೆಯವರ ವಾಕ್ಯ ಆದ್ರೆ ಸಾಲಿನ ಮುಂದೆ ಒಂದು ಬಾಣದ ಗುರುತು ಮತ್ತು ಕೊನೇಲಿ ಪುಟ ಸಂಖ್ಯೆ, ಗುರುತಿಲ್ಲ ಅಂದ್ರೆ ಅದು ನನ್ನ ಮಾತು. ಸಾಫ್ಟ್‌ವೇರ್ ಯಾವ್ದಾದ್ರೂ ಆಗ್ಲಿ, ಈ ಅಭ್ಯಾಸವನ್ನ ಮೊದಲ ತಿಂಗಳಲ್ಲೇ ಹಚ್ಚಿಬಿಟ್ರೆ ಆ ಶೇಕಡಾವಾರಿನ ಭಯ ಮುಕ್ಕಾಲು ಪಾಲು ಹೋಗತ್ತೆ.

ಹಾಗಂತ ವಿಕೀಲೇ ಇಡೀ ಥೀಸಿಸ್ ಬರೆದು ಮುಗಿಸ್ಬೋದು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ವಿಕಿ ಎಲ್ಲಾ ದಿಕ್ಕಿಗೂ ಕವಲೊಡೀತಾ ಹೋಗತ್ತೆ, ಥೀಸಿಸ್ ಮೊದಲ ಪುಟದಿಂದ ಕೊನೇ ಪುಟದವರೆಗೆ ಒಂದೇ ದಾರೀಲಿ ಹೋಗ್ಬೇಕು, ಆ ದಾರಿ ಕಡಿಯೋದು ಬರೆಯೋರ ಕೆಲಸ, ಯಾವ ಲಿಂಕೂ ಅದನ್ನ ಮಾಡಿಕೊಡಲ್ಲ. ಅಧ್ಯಾಯಕ್ಕೆ ಒಂದು ಪುಟ ಮಾಡಿ ಅದ್ರಲ್ಲಿ ಕಲ್ಲುಗಳ ಲಿಂಕ್ ಸಾಲಾಗಿ ಜೋಡಿಸಿ, ನಡುನಡುವೆ ವಾದ ಬರೀತಾ ಹೋಗೋದು, ಅಷ್ಟರ ಮಟ್ಟಿಗೆ ವಿಕಿ ಸಾಕು. ಆಮೇಲೆ ಪ್ಯಾನ್‌ಡಾಕ್ ಅನ್ನೋ ಪುಕ್ಕಟೆ ಪ್ರೋಗ್ರಾಮಿಂದ ವರ್ಡಿಗೆ ಕಳಿಸ್ಬೋದು (ಅದನ್ನ ಬರೆದೋರು ಬರ್ಕ್ಲೀಲಿ ಫಿಲಾಸಫಿ ಪ್ರೊಫೆಸರು, ನಮ್ಮ ಆರ್ಟ್ಸ್‌ನೋರಿಗೆ ಇದಿಷ್ಟು ಹೇಳಿದ್ರೆ ಧೈರ್ಯ ಬರ್ಬೋದು), ಗ್ರಂಥಋಣಕ್ಕೆ ಝೊಟೆರೊ ಇದೆ, ಅದೂ ಪುಕ್ಕಟೆ. ಇನ್ನೊಂದು ಅಪಾಯ ಅಂದ್ರೆ ಬಣ್ಣ ಬದಲಾಯಿಸೋದು, ಪ್ಲಗಿನ್ ಹಾಕೋದು, ಲಿಂಕುಗಳ ಜೇಡರ ಬಲೆ ಥರದ ಚಿತ್ರ ನೋಡ್ತಾ ಕೂರೋದು. ಇದ್ರಲ್ಲಿ ಆರು ತಿಂಗಳು ಕಳೆದು ಒಂದು ಪ್ಯಾರಾನೂ ಬರೀದೇ ಇರೋರನ್ನ ಬಲ್ಲೆ. ಆ ಚಿತ್ರದಿಂದ ನನಗಂತೂ ಇವತ್ತಿನವರೆಗೂ ಮೂರು ಕಾಸಿನ ಪ್ರಯೋಜನ ಆಗಿಲ್ಲ.

ನಿಜವಾದ ಗೋಳು ಕೊನೇ ಹಂತದಲ್ಲಿದೆ. ಇಷ್ಟೆಲ್ಲಾ ಯುನಿಕೋಡಲ್ಲಿ (ಯಾವ ಕಂಪ್ಯೂಟರಲ್ಲೂ ಕನ್ನಡ ಕನ್ನಡವಾಗೇ ಉಳಿಯೋ ಅಕ್ಷರ ವ್ಯವಸ್ಥೆ) ಬರೆದು ಸಲ್ಲಿಸೋಕೆ ಹೋದ್ರೆ ಹಳೇ ಫಾಂಟಲ್ಲೇ ಕೊಡಿ ಅನ್ನೋ ಆಫೀಸುಗಳು ಇನ್ನೂ ಇವೆ, ನನಗೂ ಹಾಗೇ ಹೇಳಿದ್ರು, ಹೆಸರು ಬೇಡ. ಯುನಿಕೋಡಿನಿಂದ ಹಳೇ ಫಾಂಟಿಗೆ ತಿರುಗಿಸಿದ್ರೆ ಒತ್ತಕ್ಷರ ಎಲ್ಲೆಲ್ಲೋ ಹೋಗತ್ತೆ, ಹಳಗನ್ನಡದ ಱ, ೞ ಅಂತೂ ಕೇಳೋದೇ ಬೇಡ, ಪ್ರೂಫ್ ಮತ್ತೆ ಮೊದಲಿಂದ. ಆ ಪಿಡಿಎಫ್ ಕಡೆಗೆ ಹೋಗಿ ಸೇರೋದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸೋ ಶೋಧಗಂಗಾ ಅನ್ನೋ ಥೀಸಿಸ್‌ಗಳ ಆನ್‌ಲೈನ್ ಭಂಡಾರಕ್ಕೆ. ಅಲ್ಲಿರೋ ಹಳೇ ಫಾಂಟಿನ ಕನ್ನಡ ಥೀಸಿಸ್ಸಿಂದ ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರತ್ತೆ. ಅದನ್ನ ಸರ್ಚ್ ಮಾಡೋಕಾಗಲ್ಲ, ನನ್ನ ವಿಕಿಗೆ ಉದ್ಧರಿಸೋಕಾಗಲ್ಲ, ಹೋಲಿಕೆ ಪತ್ತೆ ಮಾಡೋ ಸಾಫ್ಟ್‌ವೇರಿಗೂ ಆ ಪಠ್ಯದಲ್ಲಿ ಕನ್ನಡ ಸಿಗಲ್ಲ, ಅಂದ್ಮೇಲೆ ಕಟ್ ಪೇಸ್ಟ್ ಹಿಡೀತೀವಿ ಅನ್ನೋದಕ್ಕೆ ಏನರ್ಥ.

ಹಾಗಾಗಿ ಕನ್ನಡ ಅಧ್ಯಯನ ವಿಭಾಗಗಳ ಮುಖ್ಯಸ್ಥರು ಮತ್ತು ಕುಲಸಚಿವರುಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಕೋರ್ಸ್‌ವರ್ಕಲ್ಲಿ ಒಂದು ವಾರ ಇದಕ್ಕೆ ಕೊಡಿ, ಹೊರಗಿಂದ ಎಕ್ಸ್‌ಪರ್ಟ್ ಕರೆಸೋದು ಬೇಡ, ಸೀನಿಯರ್ ಸ್ಕಾಲರ್ ಒಬ್ಬರು ತಮ್ಮ ಟಿಪ್ಪಣಿಗಳನ್ನ ಪ್ರೊಜೆಕ್ಟರಲ್ಲಿ ತೋರಿಸಿದ್ರೆ ಸಾಕು. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಅಂತ ಎರಡು ಪುಟ ಬರೆಸ್ತೀರಲ್ಲ, ಅದರ ಜೊತೆಗೆ ಟಿಪ್ಪಣಿಯನ್ನೂ ತೆಗೆದು ತೋರಿಸು ಅಂತ ಗೈಡುಗಳು ಕೇಳ್ಲಿ. ಥೀಸಿಸ್ ಯುನಿಕೋಡಲ್ಲೇ ಇರ್ಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ, ಇದು ಮುಂದಿನ ಬ್ಯಾಚ್ ರಿಜಿಸ್ಟ್ರೇಶನ್‌ಗೆ ಮುಂಚೆ ಆದ್ರೆ ಒಳ್ಳೇದು.

ಇಂತಿ,
ಒಬ್ಬ ಸಂಶೋಧನಾ ವಿದ್ಯಾರ್ಥಿ
ಶಿವಮೊಗ್ಗ ಜಿಲ್ಲೆ