ಸಂಬಳದ ಜೊತೆಗೆ ಅಧಿಕಾರವೂ ಬೇಕು

ಮಾನ್ಯ ಸಂಪಾದಕರೇ,

ನೌಕರರಲ್ಲಿ ಉತ್ಸಾಹ ಕುಗ್ಗಿದೆ ಎಂಬ ಮಾತು ಬಂದಾಗಲೆಲ್ಲ ಆಡಳಿತ ವರ್ಗಕ್ಕೆ ಮೊದಲು ಹೊಳೆಯುವುದು ಬೋನಸ್, ಬಹುಮಾನ ಮತ್ತು ಸನ್ಮಾನ ಸಮಾರಂಭ. ಆದರೆ ಅತೃಪ್ತಿಯನ್ನು ಹೋಗಲಾಡಿಸುವುದೇ ಬೇರೆ, ಕೆಲಸದಲ್ಲಿ ಆಸಕ್ತಿ ಹುಟ್ಟಿಸುವುದೇ ಬೇರೆ ಎಂದು ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿಯೇ ವಾದಿಸಿದ್ದರು. ಅವರ ತಂಡವು ಸುಮಾರು 200 ಎಂಜಿನಿಯರುಗಳು ಹಾಗೂ ಲೆಕ್ಕಿಗರನ್ನು ಮಾತನಾಡಿಸಿದಾಗ, ಬೇಸರದ ಪ್ರಸಂಗಗಳಲ್ಲಿ ಸಂಸ್ಥೆಯ ನೀತಿ, ಮೇಲ್ವಿಚಾರಣೆಯ ರೀತಿ ಮುಂತಾದವು ಮುನ್ನೆಲೆಗೆ ಬಂದರೆ, ಸಂತೋಷದ ಪ್ರಸಂಗಗಳಲ್ಲಿ ಸಾಧನೆ, ಮನ್ನಣೆ, ಕೆಲಸದ ಸ್ವರೂಪ, ಹೊಣೆಗಾರಿಕೆಗಳೇ ಹೆಚ್ಚಾಗಿ ಕಾಣಿಸಿದವು. (ಒಳ್ಳೆಯದಾದರೆ ತನ್ನಿಂದ, ಕೆಟ್ಟದ್ದಾದರೆ ಕಂಪನಿಯಿಂದ ಎನ್ನುವುದು ಮನುಷ್ಯ ಸ್ವಭಾವವಲ್ಲವೇ ಎಂಬ ಆಕ್ಷೇಪ ಈ ಅಧ್ಯಯನದ ಮೇಲಿದೆ, ಅದರಲ್ಲೂ ಹುರುಳಿದೆ.)

ಇದನ್ನೇ ನೆಪ ಮಾಡಿಕೊಂಡು ‘ಹಣವೇ ಸರ್ವಸ್ವವಲ್ಲ’ ಎಂದು ಉಪದೇಶಿಸುವ ಮಾಲೀಕರ ಮಾತನ್ನು ಮಾತ್ರ ಒಪ್ಪಲಾಗದು. 1914ರಲ್ಲಿ ಅಮೆರಿಕದ ಕಾರು ತಯಾರಕ ಹೆನ್ರಿ ಫೋರ್ಡ್ ದಿನಗೂಲಿಯನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿ 5 ಡಾಲರಿಗೆ ಏರಿಸಿದ್ದರ ಹಿಂದೆ, ಯಾಂತ್ರಿಕ ದುಡಿಮೆಗೆ ಬೇಸತ್ತು ಕೆಲಸ ಬಿಟ್ಟು ಹೋಗುತ್ತಿದ್ದ ಕಾರ್ಮಿಕರನ್ನು ಉಳಿಸಿಕೊಳ್ಳುವ ಅನಿವಾರ್ಯವಿತ್ತು. ಕೂಲಿ ಹೆಚ್ಚಿದ ಮೇಲೆ ಜನ ನಿಂತರು. ದುಡಿಮೆಯ ಏಕತಾನತೆ ಹಾಗೆಯೇ ಉಳಿಯಿತು. ನ್ಯಾಯವಾದ ಸಂಬಳ ಮೊದಲು ಆಗಬೇಕಾದ ಕೆಲಸ, ಅದಕ್ಕೆ ಪರ್ಯಾಯವಿಲ್ಲ.

ನಾನು ಹೇಳಬೇಕೆಂದಿರುವುದು ಅದರ ನಂತರದ ಮಾತು. ಬಿಲ್ಲಿಂಗ್ ಕೌಂಟರಿನಲ್ಲಿ ಕುಳಿತ ಗುಮಾಸ್ತರಿಗೆ ಬಿಲ್ಲಿನ ತಪ್ಪು ನೋಡಿದ ಕೂಡಲೇ ತಿಳಿಯುತ್ತದೆ, ಆದರೆ ಅದನ್ನು ತಿದ್ದುವ ಅಧಿಕಾರ ಅವರಿಗಿಲ್ಲ. ಕಡತ ಮೇಲಕ್ಕೆ ಹೋಗಿ ಸಹಿಯಾಗಿ ಬರುವವರೆಗೆ ಗ್ರಾಹಕರ ಬೈಗುಳ ಕೇಳಿಸಿಕೊಳ್ಳುವ ಹೊಣೆ ಮಾತ್ರ ಅವರದೇ. ಅದೇ ಗ್ರಾಹಕರು ದೂರು ಬರೆದರೆ ಅದರ ಪ್ರತಿ ಮೆಮೊ ಸಮೇತ ಮೇಜಿಗೆ ಬರುತ್ತದೆ, ಮೆಚ್ಚುಗೆಯ ಪತ್ರ ಬರೆದರೆ ಅದು ವ್ಯವಸ್ಥಾಪಕರ ಕಡತದಲ್ಲಿಯೇ ಉಳಿದುಬಿಡುತ್ತದೆ. ಹೀಗೆ ದುಡಿಯುವವರನ್ನು ವರ್ಷಕ್ಕೊಮ್ಮೆ ಪ್ರೇರಣಾ ಶಿಬಿರಕ್ಕೆ ಕಳುಹಿಸಿ ಚಪ್ಪಾಳೆ ಹೊಡೆಸುವುದರಲ್ಲಿ ಏನು ಅರ್ಥವಿದೆಯೋ ನನಗಂತೂ ತಿಳಿಯದು.

ಕೆಲಸದ ಸ್ವಾತಂತ್ರ್ಯ, ಮಾಡಿದ್ದರ ಫಲ ತನಗೇ ತಿಳಿಯುವುದು, ಅದರಿಂದ ಇನ್ನೊಬ್ಬರಿಗೆ ಆಗುವ ಉಪಯೋಗ ಇವು ಕೆಲಸದೊಳಗೇ ಪ್ರೇರಣೆ ತುಂಬುತ್ತವೆ ಎಂದು ಸಂಶೋಧಕರಾದ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ 1976ರಲ್ಲಿ ಪ್ರತಿಪಾದಿಸಿದ್ದರು. ಇವುಗಳಿಗೆ ದೊಡ್ಡ ವೆಚ್ಚವೇನೂ ತಗಲುವುದಿಲ್ಲ. ಒಂದು ಮಿತಿಯೊಳಗಿನ ತಪ್ಪನ್ನು ಮೇಲಿನ ಸಹಿಗೆ ಕಾಯದೆ ತಿದ್ದುವ ಅಧಿಕಾರವನ್ನು ಕೌಂಟರಿನ ಸಿಬ್ಬಂದಿಗೆ ಲಿಖಿತವಾಗಿ ನೀಡಲಿ, ಮೆಚ್ಚುಗೆಯ ಪತ್ರಗಳ ಪ್ರತಿ ಆಯಾ ನೌಕರರಿಗೆ ತಲುಪಲಿ.

ಇತಿ,
ನಿವೃತ್ತ ಲೆಕ್ಕಪತ್ರ ಮೇಲ್ವಿಚಾರಕ